ಗುರುತು ಹಾಕದ ತೂತು

ಎಂಬತ್ತು ರೂಪಾಯಿ ಕೊಟ್ಟು ಒಂದು ಭೂತಗನ್ನಡಿ ಕೊಂಡೆ. ಗುಜರಿ ಅಂಗಡಿಯವನು ಇನ್ನೂರು ಹೇಳಿದ್ದ. ಹಿತ್ತಾಳೆಯ ಚೌಕಟ್ಟು ಒಂದು ಕಡೆ ನೆಗ್ಗಿತ್ತು, ಹಿಡಿ ಸಡಿಲವಾಗಿತ್ತು, ಗಾಜಿನ ಅಂಚಿನಲ್ಲಿ ಕೂದಲೆಳೆಯಷ್ಟು ಗೀರು. ಒಂದೊಂದು ದೋಷಕ್ಕೆ ನಲವತ್ತರಂತೆ ನೂರಿಪ್ಪತ್ತು ಇಳಿಸಿದೆ. ದೋಷಗಳನ್ನು ಒಂದೇ ಉಸಿರಿಗೆ ಹೇಳಬಾರದು. ಒಂದು ಹೇಳಿ, ಬೆಲೆ ಇಳಿದ ಮೇಲೆ ಇನ್ನೊಂದನ್ನು ಕಾಣಬೇಕು. ಇದು ನಿಮಗೂ ಉಪಯೋಗಕ್ಕೆ ಬಂದೀತು, ಇಟ್ಟುಕೊಳ್ಳಿ.

ಅವನು ಅದನ್ನು ಹಳೆಯ ಗೋಣಿಯ ತುಂಡಿನಲ್ಲಿ ಸುತ್ತಿ ಕೊಟ್ಟ. ಮನೆಗೆ ತಂದು ಬಿಚ್ಚಿದಾಗ ಆ ಗೋಣಿಯಿಂದ ಶೇಂಗಾ ಎಣ್ಣೆಯ ಜಿಡ್ಡುವಾಸನೆ ಬಂತು... ಹಾಗೇ ಕುಂತುಬಿಟ್ಟೆ. ಭೂತಗನ್ನಡಿ ಯಾಕೆ ಎಂದು ಮನೆಯಲ್ಲಿ ಕೇಳಿದರು. ಪೇಪರ್ ಓದಲಿಕ್ಕೆ ಎಂದೆ. ಅದು ಸುಳ್ಳು. ನನಗೆ ನೋಡಬೇಕಾಗಿದ್ದದ್ದು ಒಂದು ಕಾಗದದಲ್ಲಿನ ಒಂದು ತೂತು. ಆ ತೂತಿಗೆ ಈಗ ಹತ್ತಿರ ಹತ್ತಿರ ಐವತ್ತು ವರ್ಷ.

ಎಪ್ಪತ್ತರ ದಶಕದಲ್ಲಿ ಚಿತ್ರದುರ್ಗದಲ್ಲಿ ನನ್ನದು ಹಳೇ ಗೋಣಿಚೀಲದ ವ್ಯಾಪಾರ. ಅದಕ್ಕೂ ಮೊದಲು ಶೇಂಗಾ ಮಂಡಿಯಲ್ಲಿ ಒಬ್ಬ ದಲ್ಲಾಳಿಯ ಕೈಕೆಳಗೆ ಆರು ವರ್ಷ ದುಡಿದಿದ್ದೆ. ಬೀಜ ತುಂಬಿದ ಚೀಲಕ್ಕೆ ಚೂಪಾದ ಕಬ್ಬಿಣದ ಕೊಳವೆ ಚುಚ್ಚಿ, ಸರಕ್ಕನೆ ಕಿತ್ತು, ಅದರೊಳಗೆ ಬಂದ ಕಾಳನ್ನು ಅಂಗೈಗೆ ಸುರಿದುಕೊಂಡು ಆಮೇಲೆ ಮಾತಿಗೆ ನಿಲ್ಲುವುದು ಅಲ್ಲಿಯ ರೀತಿ. ಮೊದಲು ಮಾಲು ಕೈಗೆ, ಆಮೇಲೆ ಬಾಯಿ. ಕೈಯಲ್ಲಿ ಸ್ಯಾಂಪಲ್ ಇಲ್ಲದೆ ಮಾತಾಡುವವನನ್ನು ಮಂಡಿಯಲ್ಲಿ ಯಾರೂ ಕೇಳುತ್ತಿರಲಿಲ್ಲ. ಆ ಪಾಠ ನನ್ನ ಕೈಬೆರಳಿಗೇ ಇಳಿದುಬಿಟ್ಟಿತ್ತು.

ಒಂದು ಸಂಜೆ ಅಂಗಡಿಗೆ ಹೆಣ್ಣುಮಕ್ಕಳ ಹೈಸ್ಕೂಲಿನ ಡ್ರಿಲ್ ಟೀಚರ್ ಬಂದರು. ಮೂವತ್ತೈದು ದಾಟಿದ ವಯಸ್ಸು. ಸೆರಗನ್ನು ಸೊಂಟಕ್ಕೆ ಬಿಗಿದು ಸಿಕ್ಕಿಸಿದ್ದರು, ಕೊರಳಲ್ಲಿ ಸೀಟಿ ನೇತಾಡುತ್ತಿತ್ತು.

"ಎಪ್ಪತ್ತು ಚೀಲ ಬೇಕಪ್ಪ. ಹರಿದಿದ್ರೂ ನಡೀತೈತೆ."

"ಹರಿದಿದ್ದೇ ಬೇಕಂದ್ರೆ ರೇಟು ಜಾಸ್ತಿ ಆಗ್ತೈತೆ ಟೀಚರ್ರೇ. ಹುಡುಕಿ ಆರಿಸ್ಬೇಕಲ್ಲ" ಎಂದೆ.

"ಹಂಗಾರೆ ಚಲೋವೇ ಕೊಡು, ಹರಿದಿದ್ರ ರೇಟು ಹಾಕು. ಹುಡುಕೋ ಕಷ್ಟ ನಿನಗ್ಯಾಕೆ."

ನಾನು ಚೀಲ ಎಣಿಸಲು ಕುಂತೆ. ನನ್ನ ಅಂಗಡಿಯಲ್ಲೇ ನನ್ನನ್ನು ಹೀಗೆ ಮಾತಿನಲ್ಲಿ ಸೋಲಿಸಿದವರು ಅದಕ್ಕೆ ಮುಂಚೆ ಇರಲಿಲ್ಲ, ಆಮೇಲೆಯೂ ಬರಲಿಲ್ಲ. ಚೀಲಗಳನ್ನು ಮಡಚಿ, ಒಂದರ ಮೇಲೊಂದು ಒತ್ತಿ, ದಬ್ಬಣದಿಂದ ಹೊಲಿದು ದಪ್ಪ ಗೋಡೆಯಂಥದ್ದು ಮಾಡಬೇಕು, ಅದಕ್ಕೆ ಬಾಣ ಹೊಡೆಯುತ್ತೇವೆ ಎಂದರು. ಹೊಲಿಯುವವರು ಯಾರು ಎಂದು ಕೇಳಿದೆ. ಕೇಳಿದ್ದೇ ತಪ್ಪಾಯಿತು. ಮಾರನೆಯ ದಿನದಿಂದ ನಾನೇ ಹೊಲಿದೆ, ಕೂಲಿಯಿಲ್ಲದೆ.

ಮೊದಮೊದಲು ಅವರು ಶಾಲೆಯ ಬಯಲಿನಲ್ಲೇ ಹುಡುಗಿಯರಿಗೆ ಬಿಲ್ಲು ಕಲಿಸುತ್ತಿದ್ದರಂತೆ. ಆದರೆ ನಮ್ಮೂರ ಗಾಳಿ ನಿಮಗೆ ಗೊತ್ತೇ ಇದೆ. ಬಿದಿರಿನ ಬಾಣ ಬಿಟ್ಟರೆ ಅದು ಗುರಿಗೆ ಹೋಗುವುದಕ್ಕಿಂತ ಪಕ್ಕದ ಮನೆಯ ಹುಣಸೆಮರಕ್ಕೆ ಹೋಗುವುದೇ ಹೆಚ್ಚು. ಹಂಗಾಮು ಮುಗಿದು ಖಾಲಿ ಬಿದ್ದಿದ್ದ ಒಂದು ಶೇಂಗಾ ಗೋಡೌನನ್ನು ಅವರು ಹೇಗೋ ಮಾತಾಡಿ ಪಡೆದರು. ಒಳಾಂಗಣದ ಬಿಲ್ಲುಗಾರಿಕೆಗೆ ಹದಿನೆಂಟು ಮೀಟರು ದೂರ ಬೇಕು. ಟೇಪು ಹಿಡಿದು ಅಳೆದರೆ ಗೋಡೌನು ಸರಿಯಾಗಿ ಅಷ್ಟಕ್ಕೆ ಸಾಕು. ಬಿಲ್ಲು ಎಳೆಯುವವರ ಬೆನ್ನು ಹಿಂದಿನ ಬಾಗಿಲಿಗೆ ತಾಗುತ್ತಿತ್ತು. ಕಾಲಕೆಳಗೆ ಶೇಂಗಾ ಹೊಟ್ಟು ಚರಚರ ಅನ್ನುತ್ತಿತ್ತು. ನಡೆದರೆ ಧೂಳು, ಕೆಮ್ಮಿದರೆ ಧೂಳು. ಆದರೆ ಗಾಳಿಯಿಲ್ಲ. ಬಿಟ್ಟ ಬಾಣ ಬಿಟ್ಟ ಕಡೆಗೇ ಹೋಗುತ್ತದೆ, ತಪ್ಪಿದರೆ ತಪ್ಪು ನಮ್ಮದೇ. ಟೀಚರಿಗೆ ಬೇಕಾಗಿದ್ದದ್ದು ಅದೇ.

ನಾನೂ ಬಿಲ್ಲು ಹಿಡಿದು ನೋಡಿದೆ. ಮೂರು ಭಾನುವಾರ ನೋಡಿ ಅವರು ಹೇಳಿದರು, "ನೀ ಬಾಣ ಬಿಡೋದು ಬಿಡು. ಲೆಕ್ಕ ಬರಿ. ಅದಾದ್ರೂ ಒಬ್ರಿಗೆ ಉಪಯೋಗ ಆಗ್ಲಿ." ಹೀಗೆ ನಾನು ಅಂಕ ಬರೆಯುವವನಾದೆ.

ಗುರಿಯ ಕಾಗದ ನಾಲ್ಕು ಗೇಣಿಗಿಂತ ಹೆಚ್ಚೇನಲ್ಲ ಎಂದು ಮೊದಲು ಅಂದುಕೊಂಡಿದ್ದೆ. ಅಷ್ಟೂ ಇಲ್ಲ, ಅಡ್ಡಳತೆ ನಲವತ್ತು ಸೆಂಟಿಮೀಟರು, ಊಟದ ದೊಡ್ಡ ತಟ್ಟೆಯಷ್ಟು. ಬೋರ್ಡು ಬರೆಯುವ ಪೇಂಟರ್ ಕೈಲಿ ಟೀಚರ್ ಕಾಗದದ ಮೇಲೆ ಸುತ್ತು ಎಳೆಸಿದ್ದರು. ನಟ್ಟ ನಡುವೆ ಹಳದಿ, ಅದರ ಸುತ್ತ ಕೆಂಪು, ಆಮೇಲೆ ನೀಲಿ, ಕಪ್ಪು, ಕೊನೆಗೆ ಬಿಳಿ. ಒಂದೊಂದು ಬಣ್ಣದಲ್ಲಿ ಎರಡೆರಡು ಸುತ್ತು. ಹೊರಗಿನ ಬಿಳಿಗೆ ಒಂದು ಅಂಕ, ಒಳಗೆ ಬಂದಂತೆ ಒಂದೊಂದು ಏರಿ, ನಡುಹಳದಿಗೆ ಹತ್ತು. ಸುತ್ತಿನ ಹೊರಗೆ ಬಿದ್ದರೆ ಏನೂ ಇಲ್ಲ. ಒಂದು ಸರದಿಗೆ ಮೂರು ಬಾಣ, ಹತ್ತು ಸರದಿ, ಒಟ್ಟು ಮೂವತ್ತು ಬಾಣ. ಎಲ್ಲವೂ ನಡುಹಳದಿಗೆ ಬಿದ್ದರೆ ಮುನ್ನೂರು. ನಮ್ಮ ಗೋಡೌನಿನಲ್ಲಿ ಇನ್ನೂರು ದಾಟಿದರೆ ಅವತ್ತು ಮಂಡಕ್ಕಿ ಮೆಣಸಿನಕಾಯಿ.

ಬರೆಯಲು ಕುಂತ ಮೊದಲ ದಿನವೇ ನಾನು ಚೌಕಾಸಿಗೆ ಇಳಿದೆ. ಒಬ್ಬಳ ಬಾಣ ಹತ್ತಕ್ಕೂ ಒಂಬತ್ತಕ್ಕೂ ನಡುವಿನ ಗೆರೆಯ ಮೇಲೆ ನಾಟಿತ್ತು.

"ಒಂಬತ್ತೂವರೆ ಹಾಕ್ಲಾ ಟೀಚರ್ರೇ? ಇಬ್ರಿಗೂ ನ್ಯಾಯ."

"ಇಬ್ರು ಯಾರಪ್ಪ? ಬಾಣ ಒಂದೇ ಐತೆ" ಎಂದರು. "ಇಲ್ಲಿ ಅರ್ಧ ಅನ್ನೋದು ಇಲ್ಲ. ಗೆರೆಗೆ ಮೈ ತಾಕಿದ್ರೆ ಸಾಕು, ಮೇಲಿನ ಅಂಕ. ತಾಕ್ಲಿಲ್ಲ, ಕೆಳಗಿಂದು. ಗೆರೆ ಯಾವಾಗ್ಲೂ ಹೊಡ್ದೋರ ಪಕ್ಷ."

ನನ್ನ ಇಪ್ಪತ್ತೈದು ವರ್ಷದಲ್ಲಿ ಕೊಡುವವನ ಪಕ್ಷಕ್ಕೂ ಸೇರದೆ ಕೊಳ್ಳುವವನ ಪಕ್ಷಕ್ಕೂ ಸೇರದೆ ಕಷ್ಟಪಟ್ಟವನ ಪಕ್ಷಕ್ಕೆ ಸೇರಿದ ಗೆರೆ ಕಂಡದ್ದು ಅದೇ ಮೊದಲು. ನನಗೆ ಅದು ಬಹಳ ಹಿಡಿಸಿತು.

ತಾಕಿದೆಯೋ ಇಲ್ಲವೋ ಎಂಬ ಅನುಮಾನ ಬಂದಾಗ ಅವರ ಹತ್ತಿರ ಒಂದು ಭೂತಗನ್ನಡಿ ಇತ್ತು, ಕಪ್ಪು ಹಿಡಿಯದ್ದು. ಅದಕ್ಕೆ ಗೋಣಿಯ ಪುಟ್ಟ ಚೀಲ ಹೊಲಿದುಕೊಟ್ಟವನು ನಾನೇ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಮೊದಲು ಎಡದಿಂದ ನೋಡುತ್ತಿದ್ದರು, ಆಮೇಲೆ ಬಲದಿಂದ, ಆಮೇಲೆ ಭೂತಗನ್ನಡಿ ಹೊರತೆಗೆದು ನೇರವಾಗಿ. ಓರೆಯಾಗಿ ನೋಡಿದರೆ ಎಲ್ಲಾ ಬಾಣವೂ ಗೆರೆ ಮುಟ್ಟಿದ ಹಾಗೆ ಕಾಣುತ್ತದೆ ಎನ್ನುತ್ತಿದ್ದರು. ಆ ಹೊತ್ತಿನಲ್ಲಿ ಬಾಣಕ್ಕಾಗಲಿ ಕಾಗದಕ್ಕಾಗಲಿ ಯಾರ ಬೆರಳೂ ಸೋಕುವ ಹಾಗಿಲ್ಲ. ಹೊಡೆದವರು ತಮ್ಮ ಅಂಕ ತಾವೇ ಹೇಳಬೇಕು, ದೊಡ್ಡದು ಮೊದಲು, ಚಿಕ್ಕದು ಆಮೇಲೆ. ಜೊತೆಯವರು ನೋಡಿ ಹೌದೆನ್ನಬೇಕು. ನಾನು ಬರೆಯಬೇಕು. ಬರೆದಾದ ಮೇಲೆ ಪ್ರತಿ ತೂತಿನ ಅಂಚಿಗೂ ಪೆನ್ಸಿಲ್ಲಿನಿಂದ ಒಂದು ಪುಟ್ಟ ಗೀಟು. ಆಮೇಲೆಯೇ ಕೀಳುವುದು. ಗೀಟು ಯಾತಕ್ಕೆಂದರೆ, ಕೆಲವು ಬಾಣ ನಾಟದೆ ಪುಟಿದು ಬೀಳುತ್ತವೆ. ಆಗ ಗುರುತಿಲ್ಲದ ತೂತು ಯಾವುದೋ ಅದೇ ಅದರದ್ದು.

ನನ್ನ ಕೈ ಸುಮ್ಮನಿರುತ್ತಿರಲಿಲ್ಲ. ಎರಡು ಸಲ ಬರೆಯುವ ಮೊದಲೇ ಬಾಣಕ್ಕೆ ಕೈ ಹಾಕಿ, ಸ್ಕೇಲಿನಿಂದ ಬೆರಳಿನ ಮೇಲೆ ಏಟು ತಿಂದೆ. "ಲೇ, ಇದು ನಿಮ್ಮ ಮಂಡಿಯಲ್ಲ. ಯಾರ್ ಮುಟ್ಟಿದ್ರೂ ಆ ಬಾಣಕ್ಕೆ ಕಮ್ಮಿ ಅಂಕಾನೇ. ನೆನಪಿಟ್ಕ." ಅಲ್ಲಿದ್ದ ಹುಡುಗಿಯರೆಲ್ಲ ನಕ್ಕರು. ನಾನೂ ನಕ್ಕೆ.

ಮರುವರ್ಷ ರಾಜ್ಯಮಟ್ಟದ ಸ್ಪರ್ಧೆಗೆ ಜಿಲ್ಲೆಯಿಂದ ಒಬ್ಬ ಮಹಿಳೆಯನ್ನು ಕಳಿಸಬೇಕೆಂದು ಕಾಗದ ಬಂತು. ವಯಸ್ಸಿನ ಮಿತಿ ಇರಲಿಲ್ಲ. ಟೀಚರ್ ಆ ಕಾಗದವನ್ನು ಎರಡು ಸಲ ಓದಿ ಮಡಚಿ ಇಟ್ಟುಕೊಂಡರು. ಅಷ್ಟು ವರ್ಷ ಓಟಕ್ಕೆ, ಖೋಖೋಗೆ, ಎಲ್ಲದಕ್ಕೂ ಮಕ್ಕಳನ್ನು ಬಸ್ಸು ಹತ್ತಿಸಿ ಕೈಬೀಸಿ ಬಂದವರು. "ಕಳ್ಸಿ ಕಳ್ಸಿ ಸಾಕಾತಪ್ಪ. ಒಂದ್ಸಲ ನಾನೂ ಹೋಗಿ ಆ ಹೊಡ್ಯೋ ಗೆರೆ ಮೇಲೆ ನಿಂತು ನೋಡ್ಬೇಕು" ಎಂದರು. ಅವರಿಗೆ ಹೊಸದುರ್ಗದ ಕಡೆಗೆ ವರ್ಗವಾಗುವ ಸುದ್ದಿ ಆಗಲೇ ಇತ್ತು. ಅಲ್ಲಿ ಗೋಡೌನೂ ಇಲ್ಲ, ಗೋಣಿಯೂ ಇಲ್ಲ. ಹೋದರೆ ಆ ವರ್ಷವೇ, ಇಲ್ಲದಿದ್ದರೆ ಇನ್ನಿಲ್ಲ. ಬಿಳಿ ಕ್ಯಾನ್ವಾಸ್ ಶೂ ಕೊಂಡು ತಂದರು. ದಿನವೂ ಹಳೇ ಚಪ್ಪಲಿಯಲ್ಲೇ ನಿಂತು ಅಭ್ಯಾಸ ಮಾಡುತ್ತಿದ್ದರು, ಶೂ ಮಾತ್ರ ಪೆಟ್ಟಿಗೆಯಲ್ಲೇ. "ಅದು ಬೆಂಗಳೂರಾಗೆ ಹಾಕ್ಕಳಾಕೆ" ಎನ್ನುತ್ತಿದ್ದರು.

ಅವರಿಗೆ ಎದುರಾಗಿ ನಿಂತವಳು ಒಬ್ಬಳೇ. ಹಿರಿಯೂರಿನಲ್ಲಿ ನರ್ಸ್ ಆಗಿದ್ದವಳು, ಭಾನುವಾರ ಬಸ್ಸಿನಲ್ಲಿ ಬಂದು ಟೀಚರ ಹತ್ತಿರವೇ ಬಿಲ್ಲು ಹಿಡಿಯಲು ಕಲಿತವಳು.

ಆಯ್ಕೆಯೂ ನಮ್ಮ ಗೋಡೌನಿನಲ್ಲೇ ನಡೆಯಿತು. ಬೆಂಗಳೂರಿನಿಂದ ಒಬ್ಬ ತೀರ್ಪುಗಾರರು ಬಂದಿದ್ದರು. ಧೂಳಿಗೆ ಸೀನು ಹತ್ತಿ ಅವರು ಮೂಗಿಗೆ ಕರ್ಚೀಪು ಹಿಡಿದೇ ಕುಂತಿದ್ದರು. ಇಬ್ಬರಿಗೂ ಪಕ್ಕಪಕ್ಕದಲ್ಲಿ ಒಂದೊಂದು ಗುರಿ. ಬರೆಯುವವನು ನಾನು. ಒಂಬತ್ತು ಸರದಿ ಮುಗಿದಾಗ ಟೀಚರದ್ದು ನೂರ ಎಂಬತ್ತೆಂಟು. ಹತ್ತನೆಯದನ್ನು ಇಬ್ಬರೂ ಹೊಡೆದರು. ಸೀಟಿ ಆಯಿತು. ಗುರಿಯ ಕಡೆ ನಡೆದೆವು. ನರ್ಸಿನ ಮೂರನ್ನು ಮೊದಲು ಬರೆದೆ, ಅವಳದ್ದು ಒಟ್ಟು ಇನ್ನೂರ ಹನ್ನೆರಡಕ್ಕೆ ನಿಂತಿತು.

ಟೀಚರ ಗುರಿಗೆ ಬಂದೆ. ಒಂದು ಬಾಣ ಎಂಟು, ಒಂದು ಏಳು, ಅನುಮಾನವಿಲ್ಲ. ಮೂರನೆಯದು ಹಳದಿಯಲ್ಲಿ, ಹತ್ತರ ಗೆರೆಯ ಪಕ್ಕದಲ್ಲೇ. ಹತ್ತಾದರೆ ಇನ್ನೂರ ಹದಿಮೂರು, ಅವರು ಹೋಗುತ್ತಾರೆ. ಒಂಬತ್ತಾದರೆ ಸಮ. ಸಮವಾದರೆ ಯಾರಿಗೆ ಹತ್ತು ಹೆಚ್ಚು ಬಿದ್ದಿವೆ ಎಂದು ಎಣಿಸಬೇಕು, ಅದು ನರ್ಸಿಗೆ ಒಂದು ಜಾಸ್ತಿ ಇತ್ತು. ಇಷ್ಟೂ ಲೆಕ್ಕ ನನ್ನ ತಲೆಯಲ್ಲಿ ಒಂದು ಕ್ಷಣದಲ್ಲಿ ಓಡಿತು. ನನ್ನ ತಲೆ ಅಂಥದ್ದೇ. ಎಲ್ಲಿ ಒಂದು ಅಂಕಕ್ಕೆ ಬೇಡಿಕೆ ಇದೆಯೋ ಅಲ್ಲಿ ಮಾತಾಡಿ ಗೆಲ್ಲಬೇಕು ಎಂದು ಮೈಯೆಲ್ಲ ಬಿಸಿಯಾಯಿತು.

"ಹತ್ತು! ಗೆರೆ ಮುಟ್ಟೈತೆ! ಬರ್ರಿ ಸಾರ್, ನೋಡ್ರಿ ಇಲ್ಲಿ!" ಎಂದು ಕೂಗಿದೆ. ಕೂಗುತ್ತಾ ಇರುವಾಗಲೇ ನನ್ನ ಬಲಗೈ ಬಾಣವನ್ನು ಸರಕ್ಕನೆ ಕಿತ್ತಿತ್ತು, ಎಡಗೈ ಬೆರಳು ತೂತಿನ ಮೇಲೆ ಇತ್ತು. ಮಾಲು ಕೈಗೆ ಬಂದಿತ್ತು. ಬಾಯಿ ಮಾತಿಗೆ ತಯಾರಾಗಿತ್ತು.

ಯಾರೋ ಕಾಲು ಅಲುಗಿಸಿದರು, ಹೊಟ್ಟು ಚರಕ್ಕೆಂದಿತು. ಕಾಗದದ ತೂತು ಬಾಣ ಹೊರಬಂದ ರಭಸಕ್ಕೆ ತುಟಿ ಹರಿದು ಹೊರಕ್ಕೆ ಮಡಚಿಕೊಂಡಿತ್ತು. ಈಗ ಅದು ಗೆರೆ ಮುಟ್ಟಿದೆ ಎಂದರೂ ಹೌದು, ಇಲ್ಲ ಎಂದರೂ ಹೌದು.

ತೀರ್ಪುಗಾರರು ಬಂದರು. ನರ್ಸನ್ನು ಕೇಳಿದರು. ಅವಳು ತನ್ನ ಬಾಣಗಳ ಕಡೆ ನೋಡುತ್ತಿದ್ದಳು, "ನಾನು ನೋಡ್ಲಿಲ್ಲ ಸಾರ್" ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಟೀಚರ ಕಡೆ ತಿರುಗಿದರು. ಟೀಚರ್ ನನಗಿಂತ ಎರಡು ಹೆಜ್ಜೆ ಹಿಂದಿದ್ದರು. ಅವರ ಕೈ ಆಗಲೇ ಆ ಪುಟ್ಟ ಗೋಣಿಚೀಲದೊಳಗೆ ಹೋಗಿ ಭೂತಗನ್ನಡಿಯನ್ನು ಅರ್ಧ ಹೊರಗೆ ತಂದಿತ್ತು. ಅವರು ಅದನ್ನು ಮತ್ತೆ ಒಳಗೆ ಹಾಕಿ ದಾರ ಎಳೆದರು.

"ನಾನು ಗೆರೆ ನೋಡಿದ್ದಿಲ್ಲ ಸಾರ್. ಬರೆಯೋಕೆ ಮುಂಚೆ ಕಿತ್ತಾಗೈತೆ. ಒಂಬತ್ತು ಹಾಕ್ರಿ."

"ಟೀಚರ್ರೇ, ಹತ್ತೇ ಅದು, ನಾನು—"

"ನೀ ನೋಡಿದ್ಯೇನಪ್ಪ?"

ಇಲ್ಲಿ ನಾನು ನಿಜ ಬರೆಯಬೇಕು. ನೋಡಿರಲಿಲ್ಲ. ಹಳದಿ ನೋಡಿದ್ದೆ, ಪಕ್ಕ ಇದೆ ಎಂದು ನೋಡಿದ್ದೆ. ತಾಕಿದೆಯೋ ಇಲ್ಲವೋ ಎಂದು ನೋಡಲು ಬೇಕಾದಷ್ಟು ಹೊತ್ತು ನನ್ನ ಕೈ ನನಗೆ ಕೊಟ್ಟಿರಲಿಲ್ಲ. ನಾನು ಪೆನ್ಸಿಲ್ ಕೈಗೆತ್ತಿಕೊಂಡೆ. ತೀರ್ಪುಗಾರರು ತಲೆಯಾಡಿಸಿದರು. ಆ ಸರದಿಯ ಮೊದಲ ಚೌಕ ಖಾಲಿ ಇತ್ತು, ಅದರಲ್ಲಿ ಒಂಬತ್ತು ಬರೆದೆ. ಪಕ್ಕದಲ್ಲಿ ಎಂಟು, ಏಳು. ಟೀಚರ್ ಕೆಳಗೆ ಸಹಿ ಹಾಕಿದರು. ಅವರ ಸಹಿ ಎಂದಿನಂತೆಯೇ ಇತ್ತು. ಅದನ್ನು ನೋಡುವುದೇ ನನಗೆ ಕಷ್ಟವಾಯಿತು.

ಸಂಜೆ ಹಿರಿಯೂರಿನ ಬಸ್ಸಿಗೆ ಹೊರಟ ನರ್ಸಿನ ಕಂಕುಳಲ್ಲಿ ಶೂ ಪೆಟ್ಟಿಗೆ ಇತ್ತು. "ಅಳತೆ ಒಂದೇ ಐತೆ, ಸುಮ್ನೆ ಯಾಕೆ ಇಟ್ಕಳಾದು" ಎಂದು ಟೀಚರ್ ಅಂದದ್ದು ಕೇಳಿಸಿತು.

ಮುಂದಿನ ಭಾನುವಾರ ಗೋಡೌನಿಗೆ ಹೋಗಲೋ ಬೇಡವೋ ಎಂದುಕೊಳ್ಳುತ್ತಲೇ ಹೋದೆ. ಅವರು ಎಂದಿನಂತೆ ಬಿಲ್ಲಿನ ಹಗ್ಗಕ್ಕೆ ಮೇಣ ಸವರುತ್ತಿದ್ದರು. ತಲೆಯೆತ್ತದೆ ಒಂದು ಸುರುಳಿ ಕಾಗದ ನನ್ನ ಕಡೆ ಚಾಚಿದರು. ಆವತ್ತಿನ ಅವರ ಗುರಿ.

"ತಗಾ. ನಿನ್ನ ಸ್ಯಾಂಪಲ್ಲು."

ನಾನು ಕ್ಷಮೆ ಕೇಳಲು ಹೋದೆ. "ಆತು ಬಿಡು. ದಬ್ಬಣ ತಂದೀಯಾ? ನಡೂವಿನ ಚೀಲ ಸಡ್ಲ ಆಗೈತೆ" ಎಂದರು. ನಾನು ಹೊಲಿಯಲು ಕುಂತೆ. ಮೂರು ತಿಂಗಳಿಗೆ ಅವರಿಗೆ ವರ್ಗವಾಯಿತು.

ಆಮೇಲೆ ಅವರನ್ನು ಕಂಡದ್ದು ಒಂದೇ ಸಲ, ಎರಡು ಮೂರು ವರ್ಷದ ಮೇಲೆ, ಚಿಕ್ಕಜಾಜೂರು ಜಂಕ್ಷನ್ನಿನ ಪ್ಲಾಟ್‌ಫಾರಂ ಮೇಲೆ. ಎಂಟು ಹತ್ತು ಹುಡುಗಿಯರನ್ನು ಸಾಲಾಗಿ ಕುಂಡಿಸಿಕೊಂಡು ಗಾಡಿಗೆ ಕಾಯುತ್ತಿದ್ದರು. ಕೂದಲು ನರೆತಿತ್ತು. ಈಗ ಸ್ಪರ್ಧೆಗಳಿಗೆ ಅಂಕ ನೋಡಲು ಅವರನ್ನೇ ಕರೆಯುತ್ತಿದ್ದರಂತೆ. ಕೊರಳಲ್ಲಿ ಸೀಟಿ, ಅದರ ಜೊತೆಗೆ ಭೂತಗನ್ನಡಿಗೆ ನಾನು ಹೊಲಿದ ಪುಟ್ಟ ಗೋಣಿಚೀಲ, ಎಣ್ಣೆಗೆ ಕಪ್ಪಾಗಿ. ಚಹಾ ಕೊಡಿಸಿದೆ. ಅಷ್ಟು ದಿನ ಕೇಳದೆ ಉಳಿದದ್ದನ್ನು ಕೇಳಿಬಿಟ್ಟೆ.

"ಟೀಚರ್ರೇ, ಆವತ್ತು ಗೆರೆ ಮುಟ್ಟಿತ್ತಾ?"

ಅವರು ಚಹಾ ಮುಗಿಸಿ ಲೋಟ ಕೆಳಗಿಟ್ಟರು. "ನಂಗೇನು ಗೊತ್ತಪ್ಪ. ನೆಟ್ಟಗಿದ್ದಾಗ ಅದು ಬಾಣ. ಕಿತ್ತಮೇಲೆ ಕಡ್ಡಿ. ಕಡ್ಡಿನ ಕೇಳಿದ್ರೆ ಏನು ಹೇಳ್ತೈತೆ?" ಎಂದು ನಕ್ಕರು. ಗಾಡಿ ಬಂತು. ಹುಡುಗಿಯರನ್ನು ಎಣಿಸಿ ಎಣಿಸಿ ಹತ್ತಿಸಿ ಕೊನೆಗೆ ತಾವು ಹತ್ತಿದರು. ಆವತ್ತು ಕೈಬೀಸಿದವನು ನಾನು.

ಅವರು ತೀರಿಕೊಂಡ ಸುದ್ದಿ ನನಗೆ ತಡವಾಗಿ ಸಿಕ್ಕಿತು. ಹಾಲುರಾಮೇಶ್ವರದ ದೇವಸ್ಥಾನಕ್ಕೆ ಹೋಗಿದ್ದಾಗ ಅವರ ಕೈಲಿ ಕಲಿತಿದ್ದ ಒಬ್ಬಾಕೆ ಗುರುತು ಹಿಡಿದು ಮಾತಾಡಿಸಿ ಹೇಳಿದಳು. ಆಗಲೇ ವರ್ಷ ಕಳೆದಿತ್ತು. ಹೋಗಿ ನಿಲ್ಲುವುದಕ್ಕೆ ಅವರ ಮನೆಯ ಬಾಗಿಲೂ ಇರಲಿಲ್ಲ...

ಇಷ್ಟು ವರ್ಷ ಆ ಕಾಗದ ಟ್ರಂಕಿನಲ್ಲಿ ಸುರುಳಿಯಾಗಿಯೇ ಇತ್ತು. ಮೊನ್ನೆ ಬಿಚ್ಚಿ ಮೇಜಿನ ಮೇಲೆ ಹರಡಿ, ನಾಲ್ಕು ಮೂಲೆಗೆ ನಾಲ್ಕು ಲೋಟ ಇಟ್ಟು, ಎಂಬತ್ತು ರೂಪಾಯಿಯ ಭೂತಗನ್ನಡಿಯನ್ನು ಪಕ್ಕಕ್ಕೆ ಇಟ್ಟುಕೊಂಡೆ. ಕೈಗಳನ್ನು ಬೆನ್ನಿಗೆ ಕಟ್ಟಿ ಎಡದಿಂದ ನೋಡಿದೆ, ಬಲದಿಂದ ನೋಡಿದೆ, ಆಮೇಲೆ ಭೂತಗನ್ನಡಿ ಹಿಡಿದು ನೇರವಾಗಿ ನೋಡಿದೆ. ಪ್ರತಿ ತೂತಿನ ಅಂಚಿಗೂ ನನ್ನ ಪೆನ್ಸಿಲ್ ಗೀಟು ಮಾಸದೆ ಇದೆ. ಕೊನೆಯ ಮೂರಕ್ಕೆ ಮಾತ್ರ ಇಲ್ಲ, ಆವತ್ತು ಆ ಗೀಟು ಹಾಕುವ ನೆನಪು ಯಾರಿಗಿತ್ತು. ಹಳದಿಯೊಳಗಿನ ಆ ಒಂದು ತೂತು ಗಾಜಿನಡಿಯಲ್ಲಿ ರೂಪಾಯಿಯಗಲ ಕಂಡಿತು. ಹರಿದ ಕಾಗದದ ಎಳೆ ಕಂಡಿತು, ಹಳದಿ ಬಣ್ಣದ ಪುಡಿ ಕಂಡಿತು. ಗೆರೆಯೂ ಕಂಡಿತು. ಬಾಣ ಮಾತ್ರ ಕಾಣಲಿಲ್ಲ.

ಈಗ ಊರೂರಿಗೂ ಬಿಲ್ಲು ಕಲಿಸುತ್ತಾರೆ. ನಿಮ್ಮ ಮನೆಯ ಮಕ್ಕಳೂ ಕಲಿಯಲು ಹೋಗುತ್ತಿರಬಹುದು, ನೀವೇ ಹೋಗುತ್ತಿರಬಹುದು. ಬಿಲ್ಲಿಗೆ ಎಷ್ಟು ಕೊಡಬೇಕು, ಅಂಗಡಿಯವನಿಗೆ ಎಷ್ಟು ಇಳಿಸಬೇಕು ಎಂದು ಬೇಕಾದರೆ ಬಂದು ಕೇಳಿ, ಹೇಳುತ್ತೇನೆ. ಆದರೆ ಗುರಿಯ ಹತ್ತಿರ ಹೋದಾಗ ಮೊದಲು ಕೈ ಕಟ್ಟಿಕೊಳ್ಳಿ. ನಿಮ್ಮ ಅಂಕ ನೀವೇ ಹೇಳಿ, ದೊಡ್ಡದು ಮೊದಲು. ಅನುಮಾನವಿದ್ದರೆ ತೀರ್ಪುಗಾರರನ್ನು ಕರೆಯಿರಿ, ಕರೆದು ಸುಮ್ಮನೆ ನಿಲ್ಲಿ, ನಿಮ್ಮ ವಾದವನ್ನು ಆ ಬಾಣವೇ ಮಾಡುತ್ತದೆ. ಬರೆದದ್ದನ್ನು ಓದದೆ ಸಹಿ ಹಾಕಬೇಡಿ. ಎಲ್ಲ ಬರೆದಾದ ಮೇಲೆ, ಪ್ರತಿ ತೂತಿಗೂ ಗುರುತು ಹಾಕಿದ ಮೇಲೆ, ಆಮೇಲೆ ಕೀಳಿ. ನಿಮ್ಮ ಬಾಣವಾದರೆ ಹೋಗಲಿ, ಒಂದು ಅಂಕ ಹೋದೀತು. ಬೇರೆಯವರ ಬಾಣವಾದರೆ ಇನ್ನೂ ನಿಧಾನವಾಗಿರಿ.